ಮಗುಚಿದ ಗಾಡಿ ಎತ್ತುವವರು

ನನ್ನ ಭಾವ ದೇವದಾಸ್ ಶೆಟ್ಟರು ಬಗ್ಗುವುದಿಲ್ಲ. ಅವರ ಸೊಂಟಕ್ಕೆ ಏನೂ ಆಗಿಲ್ಲ, ಗಟ್ಟಿಮುಟ್ಟಾಗಿದೆ. ಬಗ್ಗುವುದು ತಮ್ಮ ಅಂತಸ್ತಿಗೆ ಕಡಿಮೆ ಎಂದು ಅವರು ಎಂದೋ ತೀರ್ಮಾನ ಮಾಡಿಬಿಟ್ಟಿದ್ದಾರೆ. ಹೋಟೆಲಿನ ಕೌಂಟರಿನಲ್ಲಿ ಕೂತಾಗ ಕೈಯಿಂದ ಪೆನ್ನು ಜಾರಿ ಬಿದ್ದರೆ ಮೊದಲು ನೆಲ ನೋಡುತ್ತಾರೆ, ಆಮೇಲೆ ತಲೆಯೆತ್ತಿ "ಮಹಾಲಿಂಗಾ" ಎನ್ನುತ್ತಾರೆ. ಮಹಾಲಿಂಗ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ಎತ್ತಿ ಕೊಡುವವರೆಗೆ ಬಿಲ್ಲು ನಿಂತಿರುತ್ತದೆ, ಗಿರಾಕಿ ನಿಂತಿರುತ್ತಾನೆ. ದೇವರಿಗೂ ಅವರದು ನಿಂತೇ ನಮಸ್ಕಾರ. ಸಾಷ್ಟಾಂಗವೆಲ್ಲ ನನ್ನ ಅಕ್ಕ ಸ್ವರ್ಣಲತಾಳ ಪಾಲಿಗೆ.

ನನ್ನ ಹೆಸರು ಇಂದೂ, ಅಕ್ಕನ ತಂಗಿ. ಪುಣೆಯ ವಿಮಾನ ನಗರದಲ್ಲಿರುವ ಭಾವನ ಈ ಹೋಟೆಲಿನಲ್ಲಿ ಬೆಳಿಗ್ಗೆ ಓಮ್ನಿ ಓಡಿಸಿ ತರಕಾರಿ ತರುವುದು, ಮಧ್ಯಾಹ್ನ ಕ್ಯಾಶ್ ನೋಡುವುದು ನನ್ನ ಕೆಲಸ. ಭಾವನಿಗೆ ಕಾರು ಓಡಿಸಲು ಬರುವುದಿಲ್ಲ. ಕಲಿಯಬೇಕೆಂದರೆ ಯಾರಾದರೂ ಕಲಿಸಬೇಕು, ಕಲಿಸುವವನು ಬೈಯುತ್ತಾನೆ, ಬೈಸಿಕೊಳ್ಳುವ ಕಾಲ ಅವರಿಗೆ ಮುಗಿದಿದೆಯಂತೆ. ಇಂಥವರು ರಿಮೋಟಿನಲ್ಲಿ ಓಡುವ, ದಪ್ಪ ದಪ್ಪ ಚಕ್ರಗಳ ಪುಟ್ಟ ಮಾನ್‌ಸ್ಟರ್ ಟ್ರಕ್ ಕೊಂಡರು ಎಂದರೆ ಯಾರೂ ನಂಬುವುದಿಲ್ಲ. ನಾನೂ ನಂಬಿರಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಅವರು ಬಗ್ಗಿಯೇ ಬದುಕು ಶುರುಮಾಡಿದವರು. ಕಾರ್ಕಳದ ಕಡೆಯಿಂದ ಹುಡುಗನಾಗಿ ಪುಣೆಗೆ ಬಂದು, ದೂರದ ನೆಂಟರ ಹೋಟೆಲಿನಲ್ಲಿ ಲೋಟ ತೊಳೆದು, ನೆಲ ಒರೆಸಿದವರು. ಒಮ್ಮೆ ತಟ್ಟೆಯ ಮುಂದೆ ಕೂತು ಮೊದಲ ತುತ್ತು ಎತ್ತಿದ್ದಾಗ ಧಣಿ ಕರೆದನಂತೆ, ಯಾರೋ ಸಾಂಬಾರು ಚೆಲ್ಲಿದ್ದರು. ಒರೆಸಿ ಬರುವಷ್ಟರಲ್ಲಿ ತಟ್ಟೆಯನ್ನು ಯಾರೋ ಎತ್ತಿ ತೊಳೆದಿಟ್ಟಿದ್ದರು. ಆ ಹಸಿವು ಇಂದಿಗೂ ಅವರ ಹೊಟ್ಟೆಯಲ್ಲಿದೆ. ಅದಕ್ಕೇ ನಮ್ಮ ಹೋಟೆಲಿನಲ್ಲಿ ಒಂದು ಕಟ್ಟಳೆ: ಉಣ್ಣಲು ಕೂತವರನ್ನು ಯಾರೂ ಎಬ್ಬಿಸಬಾರದು. ಗಿರಾಕಿಯಿರಲಿ, ಕ್ಲೀನರ್ ಇರಲಿ, ಅಂಗಡಿಗೆ ಬೆಂಕಿ ಬೀಳಲಿ, ಕೂತವನು ಕೈ ತೊಳೆಯುವವರೆಗೆ ಅವನ ಹೆಸರು ಹಿಡಿದು ಕರೆಯುವಂತಿಲ್ಲ. ಭಾವನಲ್ಲಿ ಒಳ್ಳೆಯದು ಎನ್ನುವುದು ಇದೊಂದೇ. ಅದನ್ನು ಅವರು ಊರಿಗೆಲ್ಲ ಹೇಳಿಕೊಂಡು ತಿರುಗದಿದ್ದರೆ ಇನ್ನೂ ಒಳ್ಳೆಯದಿತ್ತು.

ಟ್ರಕ್ಕಿನ ಹುಚ್ಚು ಹತ್ತಿದ್ದು ಗಿರಾಕಿಗಳಿಂದ. ಪಕ್ಕದ ಖರಾಡಿಯ ಐಟಿ ಕಂಪನಿಗಳ ಕೆಲವು ಗಂಡಸರು ರವಿವಾರ ಸಂಜೆ ಮೈತುಂಬ ಧೂಳಿನೊಂದಿಗೆ ಬಂದು ಮಸಾಲೆ ದೋಸೆ ತಿನ್ನುತ್ತಿದ್ದರು. ಮಾತು ಆಳೆತ್ತರ, ಗಾಡಿ ಮೊಣಕಾಲೆತ್ತರ; ಜೊತೆಗೆ ತಂದ ಆ ರಿಮೋಟ್ ಗಾಡಿಗಳನ್ನು ಕುರ್ಚಿಯ ಮೇಲೆ ಕೂರಿಸುತ್ತಿದ್ದರು, ಮನೆಯ ಹಿರಿಯರನ್ನು ಕೂರಿಸಿದ ಹಾಗೆ. ಭಾವ ಒಂದು ದಿನ ಹೋಗಿ, ಮಕ್ಕಳ ಆಟಿಕೆಯಾ ಎಂದು ಕೇಳಿದರು. ಬೆಂಗಳೂರಿನ ಚೇತನ ಎನ್ನುವವನು ನಕ್ಕು, ಆಟಿಕೆ ಕೆಟ್ಟರೆ ಕಸಕ್ಕೆ ಹೋಗುತ್ತದೆ, ಇದರ ಪ್ರತಿ ಭಾಗವೂ ಬಿಡಿಬಿಡಿಯಾಗಿ ಸಿಗುತ್ತದೆ, ಮುರಿದರೆ ನಾವೇ ಬಿಚ್ಚಿ ಹಾಕಿಕೊಳ್ಳುತ್ತೇವೆ ಎಂದ. ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. "ಇದು ಎಲ್ಲರಿಗೂ ಅಲ್ಲ ಅಂಕಲ್" ಎಂದೂ ಸೇರಿಸಿದ. ಶೆಟ್ಟರ ಕಿವಿಗೆ ಹೋದದ್ದು ಆ ಒಂದು ಮಾತು ಮಾತ್ರ.

ಅಂಗಡಿಗೆ ಕರೆದೊಯ್ದವಳು ನಾನೇ. ಅಂಗಡಿಯವನು ಒಳ್ಳೆಯ ಮಾತೇ ಹೇಳಿದ. ಹೊಸಬರು ಸಣ್ಣ ಬ್ಯಾಟರಿಯಿಂದ ಶುರುಮಾಡಬೇಕು, ನಿಧಾನದಲ್ಲಿ ಕೈ ಕೂರಬೇಕು, ಆಮೇಲೆ ವೇಗ. ಭಾವ ಕಪಾಟಿನ ತುದಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡದನ್ನು, ಎಲ್ಲಕ್ಕಿಂತ ಜೋರಿನದನ್ನು ತೋರಿಸಿದರು. ಬ್ಯಾಟರಿಯನ್ನು ಚಾರ್ಜಿಗೆ ಹಾಕಿ ಬಿಟ್ಟು ಹೋಗಬೇಡಿ, ಓಡಿಸದ ದಿನಗಳಲ್ಲಿ ಅರ್ಧ ಚಾರ್ಜಿನಲ್ಲೇ ಇಡಿ ಎಂದೂ ಅವನು ಹೇಳಿದ್ದ. ದಾರಿಯಲ್ಲಿ ಭಾವ ನನ್ನನ್ನು ಕೇಳಿದರು, ಅರ್ಧ ತುಂಬಿಸಿ ಇಡುವುದು ಎಂಥ ದರಿದ್ರ ಬುದ್ಧಿ, ನಾವು ಸಾಂಬಾರಿನ ಪಾತ್ರೆ ಅರ್ಧ ಇಡುತ್ತೇವೆಯೇ ಎಂದು.

ಹಾಗಾಗಿ ಬ್ಯಾಟರಿ ವಾರವಿಡೀ ಕಂಠಪೂರ್ತಿ ತುಂಬಿ, ಒಲೆಯ ಪಕ್ಕದ ಕಪಾಟಿನಲ್ಲಿ ಕೂತಿತು. ಹೀಗೇ ಒಂದು ತಿಂಗಳಾದ ಮೇಲೆ ತೆಗೆದು ನೋಡಿದರೆ ಉಬ್ಬಿತ್ತು. ಭಾವನಿಗೆ ಖುಷಿ. ಜೀವಮಾನವೆಲ್ಲ ಪೂರಿ, ಬನ್ಸ್ ಮಾರಿದ ಮನುಷ್ಯ, ಉಬ್ಬಿದ್ದನ್ನು ಕಂಡರೆ ಹದ ಬಂತು ಎನ್ನುವುದಷ್ಟೇ ಅವರಿಗೆ ಗೊತ್ತು. ಅಕ್ಕನನ್ನು ಕರೆದು ತೋರಿಸಿದರು. ಅದನ್ನು ನೋಡಿದ ಚೇತನ ಕುರ್ಚಿ ಬಿಟ್ಟು ಎದ್ದು, ಇದಕ್ಕೆ ಬೆಂಕಿ ಹತ್ತುತ್ತದೆ, ಮೊದಲು ಹೊರಗೆ ಒಯ್ಯಿರಿ ಎಂದಾಗ ಒಯ್ದವನು ಯಾರು? ಮಹಾಲಿಂಗ. ಮರಳಿನ ಬಕೆಟ್ಟಿನಲ್ಲಿಟ್ಟು ಹಿತ್ತಲಿಗೆ ಸಾಗಿಸಿದ. ಶೆಟ್ಟರು ಬಾಗಿಲಲ್ಲಿ ನಿಂತು ಜೋಪಾನ ಎಂದರು.

ಈ ಮಹಾಲಿಂಗ ಯಾದಗಿರಿ ಕಡೆಯವನು. ನಡುವಯಸ್ಸು, ಒಂದು ಮೊಣಕಾಲು ಹಿಡಿದುಕೊಂಡಿದೆ. ಮಲಗುವುದು ಹೋಟೆಲಿನ ಅಟ್ಟದ ಮೇಲೆ. ಅವನ ಹೆಂಡತಿ ಶಿವಕಾಂತಾ ಖರಾಡಿಯಲ್ಲಿ ಕಟ್ಟಡದ ಕೆಲಸ ಮಾಡುತ್ತ ಅಲ್ಲೇ ತಗಡಿನ ಶೆಡ್ಡಿನಲ್ಲಿರುತ್ತಾಳೆ. ರವಿವಾರ ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಸಂಜೆಯವರೆಗೆ ಅವನಿಗೆ ಬಿಡುವು. ಗಂಡ ಹೆಂಡತಿ ಮುಖ ನೋಡಿಕೊಳ್ಳುವುದು ಅಷ್ಟು ಹೊತ್ತು ಮಾತ್ರ. ಭಾವನ ಹವ್ಯಾಸ ಶುರುವಾದ ಮೇಲೆ ಅದೂ ಹೋಯಿತು.

ಏಕೆಂದರೆ ಆ ಗಾಡಿ ಮಗುಚುತ್ತದೆ. ಅದರ ಜಾತಿಯೇ ಅಂಥದ್ದು. ಖರಾಡಿಯಲ್ಲಿ ಕಟ್ಟುವುದನ್ನು ಅರ್ಧಕ್ಕೆ ಬಿಟ್ಟ ಒಂದು ಜಾಗವಿದೆ, ಮಣ್ಣು ಇಟ್ಟಿಗೆಯ ದಿಬ್ಬಗಳು. ಗುಂಪಿನವರು ಅಲ್ಲಿ ಗಾಡಿ ಹಾರಿಸುತ್ತಾರೆ, ಗಾಡಿ ಗಾಳಿಯಲ್ಲಿ ಲಾಗ ಹಾಕಿ ಬೆನ್ನ ಮೇಲೆ ಬಿದ್ದು ನಾಲ್ಕು ಚಕ್ರ ಆಕಾಶಕ್ಕೆ ಮಾಡಿ ಒದ್ದಾಡುತ್ತದೆ. ಗಾಡಿಯ ಧಣಿ ಓಡಿಹೋಗಿ ಎತ್ತಿ ನಿಲ್ಲಿಸಬೇಕು. ಮೊದಲ ದಿನವೇ ಚೇತನ ಹೇಳಿದ: "ಅಂಕಲ್, ಗಾಡಿ ಬಿದ್ರೆ ಅವರವರೇ ಹೋಗಿ ಎತ್ಕೋಬೇಕು. ಇಲ್ಲಿ ಅದೊಂದೇ ರೂಲ್."

"ನಮ್ಮಲ್ಲಿ ಅದಕ್ಕೆ ಜನ ಉಂಟು" ಎಂದರು ಭಾವ.

ಆಮೇಲೆ ಪ್ರತಿ ರವಿವಾರ ಆ ಮೆರವಣಿಗೆಯನ್ನು ನೋಡಬೇಕಿತ್ತು. ಓಮ್ನಿ ಓಡಿಸುವವಳು ನಾನು. ಹೋಟೆಲಿನ ಪ್ಲಾಸ್ಟಿಕ್ ಕುರ್ಚಿ, ಛತ್ರಿ, ಟ್ರಕ್ಕು ಹೊರುವವನು ಮಹಾಲಿಂಗ. ಬಿಳಿ ಪ್ಯಾಂಟು ಬಿಳಿ ಶರ್ಟಿನಲ್ಲಿ ಕುರ್ಚಿಯ ಮೇಲೆ ಕೂತು, ಬಂದೂಕಿನಲ್ಲಿರುವಂಥದ್ದೇ ರಿಮೋಟಿನ ಕುದುರೆ ಎಳೆಯುವವರು ಶೆಟ್ಟರು. ಕುದುರೆಯನ್ನು ಮೆಲ್ಲಗೆ ಒತ್ತಬೇಕು, ಗಾಡಿ ಹಾರುವಾಗ ಬಿಡಬೇಕು ಎಂದು ಎಲ್ಲರೂ ಹೇಳಿ ಸೋತರು. ಇವರದು ಒಂದೇ ಅಳತೆ, ಪೂರ್ತಿ. ಗಾಡಿ ಮಗುಚಿದಾಗಲೆಲ್ಲ ನೆಲ ಸರಿಯಿಲ್ಲ ಎನ್ನುತ್ತಿದ್ದರು. ಕುಣಿಯಲಾರದವಳಿಗೆ ಯಾವಾಗಲೂ ನೆಲವೇ ಡೊಂಕು. "ಮಹಾಲಿಂಗಾ, ಹೋಗಿ ಎತ್ತು ಮಾರಾಯ." ಅವನು ಕಾಲೆಳೆಯುತ್ತ ದಿಬ್ಬ ಹತ್ತಿ, ಎತ್ತಿ, ಇಳಿಯುವಷ್ಟರಲ್ಲಿ ಗಾಡಿ ಇನ್ನೊಂದು ದಿಬ್ಬದಾಚೆ ಮಲಗಿರುತ್ತಿತ್ತು.

ರೂಲ್ ಹೇಳಿದ ಮಹಾಶಯರು ಏನು ಮಾಡಿದರು? ಒಂದೆರಡು ವಾರ ಮೂಗು ಮುರಿದರು. ಆಮೇಲೆ ಹೇಗೂ ಆ ಕಡೆ ಹೋಗುತ್ತಾನಲ್ಲ ಎಂದು ತಮ್ಮದನ್ನೂ ಅವನಿಂದಲೇ ಎತ್ತಿಸತೊಡಗಿದರು. "ಕಾಕಾ, ಜರಾ ಉಚಲಾ ನಾ", ಸ್ವಲ್ಪ ಎತ್ತಿಕೊಡಿ ಎಂದು ಮರಾಠಿಯಲ್ಲಿ ನಯವಾಗಿ ಕೇಳುತ್ತಿದ್ದರು, ಅಷ್ಟೇ ವ್ಯತ್ಯಾಸ. ಓದಿದವರಿಗೆ ಬೇರೆಯವರ ಬೆನ್ನು ಬಗ್ಗಿಸಲು ಕೂಗಬೇಕಾಗಿಲ್ಲ.

ಆ ದಿಬ್ಬದ ಮೇಲಿಂದ ಶಿವಕಾಂತಾಳ ಶೆಡ್ಡು ಕಾಣುತ್ತದೆ. ರಸ್ತೆ ದಾಟಿದರೆ ಸಾಕು, ಅಷ್ಟು ಹತ್ತಿರ. ಒಂದು ಸಲ ಅವಳು ಹೊರಗೆ ಬಟ್ಟೆ ಒಣಹಾಕುತ್ತಿದ್ದಳು. ಮಹಾಲಿಂಗ ಗಾಡಿ ನಿಲ್ಲಿಸಿ ಆ ಕಡೆಗೆ ಕೈಯೆತ್ತಿದ. ಗಾಡಿ ತಯಾರಿದೆ ಎಂದು ಸನ್ನೆ ಮಾಡಿದನೆಂದು ತಿಳಿದ ಭಾವ ಪೂರ್ತಿ ಕುದುರೆ ಎಳೆದರು. ಗಾಡಿ ಅವನ ಕಾಲಿನ ಪಕ್ಕದಿಂದ ಹಾರಿ ಆಚೆ ಬಿತ್ತು. ಅವನು ಕೈ ಇಳಿಸಿ ಅದರ ಹಿಂದೆ ಹೋದ.

ನನಗೆ ತಡೆಯಲಿಲ್ಲ. ಬಿಡುವು ಕೇಳಲು ಬಾಯಿಲ್ಲವೇ ಎಂದು ಅವನನ್ನೇ ಗದರಿದೆ. "ಅನ್ನ ಹಾಕೋರಿಗಿ ಒಲ್ಲೆ ಅನಬಾರದ್ರಿ ಅಕ್ಕಾರ" ಎಂದ. ಅನ್ನ ಹಾಕುವುದೇನು, ದುಡಿದು ತಿನ್ನುತ್ತಾನೆ. ಇಂಥವರು ಇರುವುದರಿಂದಲೇ ಅಂಥವರು ಕುರ್ಚಿಯ ಮೇಲಿರುವುದು. ಭಾವನಿಗೂ ಹೇಳಿ ನೋಡಿದೆ. "ಅವನಿಗೂ ಗಾಳಿ ಬೆಳಕು ಸಿಗ್ತದೆ. ನಿನಗೆಂತ ಗೊತ್ತುಂಟು ಇಂದೂ?" ಎಂದರು.

ಒಂದು ಶನಿವಾರ ಶಿವಕಾಂತಾ ಹೋಟೆಲಿನ ಹಿಂಬಾಗಿಲಿಗೆ ಬಂದಳು. ಗಟ್ಟಿ ಹೆಂಗಸು, ಸಿಮೆಂಟು ಹಿಡಿದ ಕೈ, ನೇರ ನೋಟ. ಕೇಳಿದ್ದೂ ನೇರವಾಗಿಯೇ: "ನಮ್ಮ ಮನಿಯವರು ರವಿವಾರ ಎಲ್ಲಿಗಿ ಹೋಗ್ತಾರ್ರಿ? ಸಾಹುಕಾರ್ರ ಕೆಲಸ ಅಂತಾರ. ಎಂಥಾ ಕೆಲಸ ಅಂದ್ರ ಬಾಯಿ ಬಿಡಲ್ರು."

ಆಟಿಕೆ ಎತ್ತುವ ಕೆಲಸವೆಂದು ಹೆಂಡತಿಗೆ ಹೇಳಲು ಅವನಿಗೆ ನಾಚಿಕೆಯಾಗಿತ್ತು. ಅವಳ ತಲೆಯಲ್ಲಿ ಇನ್ನೊಂದು ಸಂಸಾರದ ಸಂಶಯ ಹೊಕ್ಕಿತ್ತು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಜಾಗ ಹೇಳಿದೆ. ಅವಳು ನಗಲಿಲ್ಲ, ಬೈಯಲೂ ಇಲ್ಲ. ಸೆರಗು ಬಿಗಿದು ಹೊರಟಳು. ಹಿಂದಿನಿಂದ ಕರೆದು ಒಂದು ಮಾತು ಸೇರಿಸಿದೆ: "ನಾಳೆ ಬರುವಾಗ ಊಟ ಕಟ್ಟಿಕೊಂಡು ಬಾ."

ಮರುದಿನ ನಾವು ಹೋಗುವಷ್ಟರಲ್ಲಿ ಅವಳು ಅಲ್ಲಿದ್ದಳು. ಓಮ್ನಿಯ ನೆರಳಿನಲ್ಲಿ ಚಾದರ ಹಾಸಿ ಬುತ್ತಿ ಬಿಚ್ಚಿದಳು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ. ಕುರ್ಚಿ ಇಟ್ಟು ತಿರುಗಿದ ಮಹಾಲಿಂಗ ಅವಳನ್ನು ಕಂಡು ಕೈಯಲ್ಲಿದ್ದ ಛತ್ರಿಯನ್ನು ಕೆಳಗಿಟ್ಟ. "ಕುಂದರ್ರಿ, ಉಣ್ರಿ" ಎಂದಳು. ಅವನು ಸಾಹುಕಾರರ ಕಡೆ ನೋಡಿದ. ಸಾಹುಕಾರರ ಕಣ್ಣು ಗಾಡಿಯ ಮೇಲಿತ್ತು. ಕೂತ. ನನ್ನ ಕೈಗೂ ಅವಳು ಒಂದು ರೊಟ್ಟಿ ಇಟ್ಟಳು.

ಗಾಡಿ ಹೋಯಿತು, ಹಾರಿತು, ಎರಡು ಲಾಗ ಹಾಕಿತು, ಎಲ್ಲರೂ ಹಾರಿಸುವ ದಾರಿಯ ನಟ್ಟನಡುವೆ ಬೆನ್ನ ಮೇಲೆ ಬಿತ್ತು.

"ಮಹಾ—" ಎಂದು ತಿರುಗಿದ ಭಾವ ತಟ್ಟೆ ನೋಡಿದರು. ಕಟ್ಟಳೆ ಅವರದೇ ಆಗಿತ್ತು. ಮಹಾಲಿಂಗ ಏಳಲು ನೆಲಕ್ಕೆ ಕೈ ಊರಿದ್ದ. ಅವನ ತೋಳಿನ ಮೇಲೆ ಶಿವಕಾಂತಾಳ ಕೈಯಿತ್ತು.

"ಉಣ್ಲಾಕತ್ತಾರ್ರಿ ಸಾಹುಕಾರ್ರ" ಎಂದಳು.

ಭಾವ ನನ್ನ ಕಡೆ ನೋಡಿದರು. ನಾನು ದೊಡ್ಡ ತುಂಡೊಂದನ್ನು ಪಲ್ಯದಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡೆ. ಗುಂಪಿನವರ ಕಡೆ ನೋಡಿದರು. ಅವರು ತಮ್ಮ ಗಾಡಿಗಳನ್ನು ನಿಲ್ಲಿಸಿಕೊಂಡು, ದಾರಿ ಯಾವಾಗ ತೆರವಾಗುತ್ತದೆ ಎಂದು ಕಾಯುತ್ತಿದ್ದರು. ಒಬ್ಬನೂ ಅಲುಗಲಿಲ್ಲ. ಅವರವರ ಗಾಡಿ ಅವರವರೇ ಎತ್ತಬೇಕು ಎನ್ನುವ ರೂಲ್ ಅವರಿಗೆ ಆಗ ಚೆನ್ನಾಗಿ ನೆನಪಿತ್ತು. ಭಾವ ಕುದುರೆ ಎಳೆದು ನೋಡಿದರು, ಚಕ್ರಗಳು ಆಕಾಶದಲ್ಲಿ ತಿರುಗಿದವು. ಹಿಂದಕ್ಕೆ ಒತ್ತಿದರು, ಹಿಂದಕ್ಕೆ ತಿರುಗಿದವು. ಶಿವಕಾಂತಾ ಗಂಡನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಅವನು ಸಣ್ಣ ಸಣ್ಣ ತುತ್ತು ಮಾಡಿ ಅಗಿಯುತ್ತಿದ್ದ. ನಮ್ಮ ಹೋಟೆಲಿನಲ್ಲಿ ಅವನು ಅಷ್ಟು ನಿಧಾನವಾಗಿ ಉಂಡದ್ದನ್ನು ನಾನು ಕಂಡಿಲ್ಲ.

ಕೊನೆಗೆ ಶೆಟ್ಟರು ಎದ್ದರು. ಬಿಳಿ ಪ್ಯಾಂಟು ಎತ್ತಿ ಹಿಡಿದು ದಿಬ್ಬ ಹತ್ತಿದರು, ಒಮ್ಮೆ ಜಾರಿದರು. ಗಾಡಿಯ ಮುಂದೆ ನಿಂತು ಸುತ್ತ ನೋಡಿದರು. ಆಮೇಲೆ ಬಗ್ಗಿದರು. ಅಕ್ಕ ಇದನ್ನು ನೋಡಬೇಕಿತ್ತು ಎನಿಸಿತು. ಒಂದು ಕೈಯಲ್ಲಿ ಗಾಡಿ, ಇನ್ನೊಂದು ಕೈಯಲ್ಲಿ ರಿಮೋಟು, ಬೆರಳು ಮಾತ್ರ ಅಭ್ಯಾಸದಂತೆ ಕುದುರೆಯ ಮೇಲೆ. ಗಾಡಿ ಎದೆಯ ಮಟ್ಟಕ್ಕೆ ಬರುತ್ತಲೇ ಚಕ್ರ ಭರ್ರೆಂದು ತಿರುಗಿ ಅಷ್ಟೂ ಮಣ್ಣನ್ನು ಮುಖಕ್ಕೆ, ಶರ್ಟಿಗೆ ಎರಚಿತು. ಚೇತನ ಆ ಕಡೆ ತಿರುಗಿಕೊಂಡ. ನಾನು ಯಾವ ಕಡೆಗೂ ತಿರುಗಲಿಲ್ಲ.

ಆ ಸಂಜೆ ಅವರು ಇನ್ನೂ ಹಲವು ಸಲ ಬಗ್ಗಿದರು. ಬುತ್ತಿ ಖಾಲಿಯಾಗಲೇ ಇಲ್ಲ. ಶಿವಕಾಂತಾ ಅಳತೆ ತಿಳಿದೇ ಕಟ್ಟಿಕೊಂಡು ಬಂದಿದ್ದಳು.

ಮುಂದಿನ ವಾರ ಭಾವ ಎಲ್ಲರೆದುರು ಮಹಾಲಿಂಗನನ್ನು ಕರೆದು, ಇನ್ನು ಮುಂದೆ ರವಿವಾರ ನೀನು ಬರುವುದು ಬೇಡ, ಹೆಂಡತಿಯ ಹತ್ತಿರ ಹೋಗು ಎಂದು ವರ ಕೊಟ್ಟರು. ಅವನು ಕೈ ಮುಗಿದ. ಅದನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು. ಕಸಿದುಕೊಂಡದ್ದನ್ನು ತಿರುಗಿ ಕೊಟ್ಟವನಿಗೆ ಕೈ ಮುಗಿಯುವುದೇ? ಆದರೂ ಅವನು ಈಗ ರವಿವಾರ ಎಲೆಯಡಿಕೆ ಕಟ್ಟಿಸಿಕೊಂಡು, ಒಗೆದ ಅಂಗಿ ಹಾಕಿಕೊಂಡು ಹೋಗುತ್ತಾನೆ. ಅದು ಸಾಕು.

ಶೆಟ್ಟರು ಈಗ ಹವ್ಯಾಸದ ಬಗ್ಗೆ ಗಿರಾಕಿಗಳಿಗೆ ಪಾಠ ಹೇಳುತ್ತಾರೆ. ಸಣ್ಣ ಬ್ಯಾಟರಿಯಿಂದ ಶುರುಮಾಡಬೇಕು, ಅರ್ಧ ಚಾರ್ಜಿನಲ್ಲಿ ಇಡಬೇಕು, ಎಲ್ಲಕ್ಕಿಂತ ಮುಖ್ಯ, ಬಿದ್ದ ಗಾಡಿಯನ್ನು ತಾನೇ ಹೋಗಿ ಎತ್ತಬೇಕು, ಅದರಲ್ಲೇ ಸುಖವಿರುವುದು. ಇವರೇ ಕಂಡುಹಿಡಿದ ಹಾಗೆ. ಗಂಡ ಅಂತೂ ಬಗ್ಗಲು ಕಲಿತರಲ್ಲ ಎಂದು ಅಕ್ಕನಿಗೆ ಸಮಾಧಾನ. ಆಟಿಕೆಗೆ ಬಗ್ಗಿದವರು ಎಂದು ನಾನು ಅವಳಿಗೆ ಹೇಳಲು ಹೋಗಲಿಲ್ಲ.

ನಿನ್ನೆ ಮಧ್ಯಾಹ್ನ ಹೀಗೇ ಪಾಠ ನಡೆದಿದ್ದಾಗ ಅವರ ಕೈಯಿಂದ ಪೆನ್ನು ಬಿತ್ತು. ಮಾತು ನಿಲ್ಲಿಸಿ ನೆಲ ನೋಡಿದರು. ತಲೆಯೆತ್ತಿ ಬಾಯಿ ತೆರೆದರು. ಮಹಾಲಿಂಗ ಒಳಗೆ ಊಟಕ್ಕೆ ಕೂತಿದ್ದ, ಬಾಗಿಲಿನಿಂದ ಅವನ ತಟ್ಟೆ ಕಾಣುತ್ತಿತ್ತು. ಬಾಯಿ ಮುಚ್ಚಿದರು. ಮೆಲ್ಲಗೆ ನನ್ನ ಕಡೆ ತಿರುಗಿದರು.

ನಾನು ಕೌಂಟರಿನ ಕೆಳಗಿನಿಂದ ನನ್ನ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಒಂದು ತುತ್ತು ಬಾಯಿಗೆ ಹಾಕಿಕೊಂಡೆ.