ಪಾವಗಡದ ತಾತನೂ ಹಡಗಿನ ಕಾರ್ಡೂ

ಹಡಗು ಅಂದರೆ ದೊಣ್ಣೆ ತಗೊಳ್ಳುವ ತಾತನ ಹತ್ತಿರ ಹಳೇ ಕಾರ್ಡು ಕೂಡಿಡುವ ಸಾರ್ ಒಬ್ಬರನ್ನು ಕರೆದುಕೊಂಡು ಹೋಗಿದ್ದು ನಾನೇ, ತಮಾಷೆ ನೋಡೋಣ ಅಂತ. ಹಿಂದಿನ ಮಹಾಯುದ್ಧದಲ್ಲಿ ಹುಡುಗರನ್ನು ನೌಕಾಪಡೆಗೆ ಸೆಳೆಯೋಕೆ ಬ್ರಿಟಿಷರು ಹಡಗಿನ ಚಿತ್ರದ ಪೋಸ್ಟ್‌ಕಾರ್ಡು ಹಂಚಿದ್ದರಂತೆ, ತಾತ ಅದನ್ನು ನೋಡಿ ಸೇರಿ ಬಂದವನು. ಸಾರ್ ಅದನ್ನು ಹುಡುಕಿಕೊಂಡು ಪಾವಗಡದ ನಮ್ಮ ಸೈಕಲ್ ಅಂಗಡಿಗೆ ಬಂದಿದ್ದರು. ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೊರಟೆ.

ತಾತ ದೊಣ್ಣೆ ಎತ್ತಲೇ ಇಲ್ಲ. ಒಳಗಿಂದ ಕಾರ್ಡು ತಂದ. ಸಾರ್ ಅದನ್ನು ಕರ್ಚೀಫಿನಲ್ಲಿ ಹಿಡಿದು ನೋಡಿದರು.

"ಏನು ನೋಡಿ ಸೇರಿದ್ರಿ ಯಜಮಾನ್ರೇ? ಫಿರಂಗಿನಾ, ಬಾವುಟನಾ?"

"ನೀರು ಸಾಮಿ. ನಮ್ಮೂರಾಗೆ ಬಿಂದಿಗೆ ನೀರಿಗೆ ಜಗಳ. ಇದ್ರಾಗೆ ಈ ಅಂಚಿಂದ ಆ ಅಂಚಿಗಂಟ ನೀರು. ಕುಡಿಯಾಕಾಗಲ್ಲ ಅಂತ ಯಾವನೂ ಬರ್ದಿರಲಿಲ್ಲ."

ನಾನು ನಕ್ಕೆ.

"ನಗಬ್ಯಾಡ ಕಣ್ಲಾ, ನೀನೂ ಹೋಗ್ತಿದ್ದೆ."

ಎಷ್ಟೋ ವರ್ಷದಿಂದ ಹುಡುಕುತ್ತಿದ್ದದ್ದು ಇದೇ, ಕೊಟ್ಟುಬಿಡಿ ಅಂತ ಸಾರ್ ಕೈಮುಗಿದರು.

"ಕೊಡ್ತೀನಿ. ಮೊದ್ಲು ಈ ನೀರಿನ ಮ್ಯಾಲೆ ಉಪ್ಪು ಅಂತ ಬರೀತೀನಿ. ಇಲ್ದಿದ್ರೆ ಇದನ್ನ ನೋಡಿ ಇನ್ನೊಬ್ಬ ಹೊಂಟಾನು."

ಸಾರ್ ಕಾರ್ಡಿಗೆ ಕೈ ಅಡ್ಡ ಹಿಡಿದರು. "ಬರೆದ್ರೆ ಕಾರ್ಡು ಹಾಳಾಗುತ್ತಲ್ಲ ಯಜಮಾನ್ರೇ."

"ಅಂಗಾದ್ರೆ ಬುಡಿ, ಇಲ್ಲೇ ಇರ್ಲಿ."

ಸಾರ್ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿ ತಾತನ ಮುಂದಿಟ್ಟರು. ಕೊನೆಗೆ ಹೂಂ ಅಂದರು. ಅವರು ಮನಸ್ಸು ಬದಲಾಯಿಸುವ ಮುಂಚೆ ಅವರ ಜೇಬಿನ ಪೆನ್ನನ್ನೇ ಎಳೆದು ತಾತನ ಕೈಗಿಟ್ಟೆ. ತಾತ ದಪ್ಪಗೆ ಬರೆದು, ಶಾಯಿ ಒಣಗಲಿ ಅಂತ ಬಿಸಿಲಿಗೆ ಹಿಡಿದು, ಆಮೇಲೆ ಕೊಟ್ಟ.

ಸಾರ್ ಅದನ್ನು ಎರಡೂ ಕೈಯಲ್ಲಿ ತಗೊಂಡು ಕಣ್ಣಿಗೊತ್ತಿಕೊಂಡರೋ, ಕಣ್ಣೊರೆಸಿಕೊಂಡರೋ, ಪಕ್ಕದಲ್ಲೇ ನಿಂತಿದ್ದ ನನಗೂ ಗೊತ್ತಾಗಲಿಲ್ಲ.