ಎ.ಸಿ.ಗೆ ಕಟ್ಟಿದ ಕೆಂಪು ಟ್ಯಾಗ್

ಕತಾರಿನ ಉತ್ತರಕ್ಕೆ, ಅಲ್ ಖೋರ್‌ನ ಕಂಪನಿ ಮನೆಗಳಲ್ಲಿ ನಮ್ಮ ಪಕ್ಕದವರು ಬಾಗಲಕೋಟೆ ಕಡೆಯವರು, ಗ್ಯಾಸ್ ಪ್ಲಾಂಟಿನ ಸೇಫ್ಟಿ ಇನ್‌ಸ್ಪೆಕ್ಟರ್. ಬೆಳಿಗ್ಗೆ ಚಹಾ ಹಿಡಿದು ಮೆಟ್ಟಿಲ ಮೇಲೆ ಕೂತು, ಬೇಲಿಯಾಚೆ ಬರುವ ನರಿಯನ್ನು ನೋಡುತ್ತಿದ್ದರು. ನಾನು ಬಾಯಿ ತೆರೆದರೆ ಅಂಗೈ ಎತ್ತಿ, "ತಡೀರಿ, ಇದು ಅದರ ಊರು, ನಾವು ಬಂದವ್ರು" ಅನ್ನುತ್ತಿದ್ದರು.

ತೊಂಬತ್ತರ ದಶಕದ ಒಂದು ಮೇ ತಿಂಗಳು, ಅವರ ಕಿಟಕಿಯ ಎ.ಸಿ. ಹಿಂದೆ ಬೆಳವ ಹಕ್ಕಿಯೊಂದು ಗೂಡು ಕಟ್ಟಿ ಮರಿ ಮಾಡಿತು. ನನ್ನ ನೆನಪಿನಲ್ಲಿ ಮೂರು ಮರಿ, ನಾನು ಆಗ ಬರೆದ ದಿನಚರಿಯಲ್ಲಿ ಎರಡು. ದಿನಚರಿಯನ್ನೇ ನಂಬುತ್ತೇನೆ. ಅವರು ಎ.ಸಿ. ನಿಲ್ಲಿಸಿ, ಪ್ಲಾಂಟಿನಲ್ಲಿ ರಿಪೇರಿಗೆ ನಿಂತ ಯಂತ್ರಕ್ಕೆ ಕಟ್ಟುವ ಕೆಂಪು ಟ್ಯಾಗನ್ನು ಸಹಿ ಮಾಡಿ ಹೊರಬದಿಗೆ ಕಟ್ಟಿದರು. ಕಟ್ಟಿದವರೇ ಅದನ್ನು ಬಿಚ್ಚಬೇಕೆಂಬುದು ಕಂಪನಿಯ ನಿಯಮ. ಆಮೇಲೆ ಬೆವರುತ್ತ ನೆಲದ ಮೇಲೆ ಮಲಗತೊಡಗಿದರು.

ಅವರು ಡ್ಯೂಟಿಯಲ್ಲಿದ್ದಾಗ ಕಂಪನಿಯ ಮಂಗಳೂರು ಮೆಕ್ಯಾನಿಕ್ ಎ.ಸಿ. ಬದಲಿಸಲು ಬಂದು ಗೋಡೆಗೆ ಏಣಿ ಹಾಕಿದ. ಮರಿಗಳಿವೆ ಎಂದು ನಾನು ಕೂಗಿದೆ.

"ಹಕ್ಕಿಗೆ ರಜೆ ಕೊಡ್ಲಿಕ್ಕೆ ನಾನ್ಯಾರು ಮಾರಾಯ್ರೆ? ಆರ್ಡರ್ ಉಂಟು," ಎಂದು ಹತ್ತಿದ. ಟ್ಯಾಗ್ ಕಂಡದ್ದೇ ಕೈ ಹಿಂದಕ್ಕೆಳೆದ. "ಇದನ್ನು ಮುಟ್ಟಿದ್ರೆ ನನ್ನ ಕೆಲ್ಸ ಖಲಾಸ್!" ಇಳಿದು ಹೊರಟೇಹೋದ.

ವಾರದೊಳಗೆ ಮರಿಗಳು ಹಾರಿದವು. ಅವರು ಏಣಿ ಹತ್ತಿ, ಖಾಲಿ ಗೂಡಿನೊಳಗೆ ಎರಡು ಸಲ ಬೆರಳಾಡಿಸಿ ನೋಡಿ, ಟ್ಯಾಗಿನ ಮೇಲೆ ವೇಳೆ ಬರೆದು ಬಿಚ್ಚಿದರು. ಒಳಗೆ ಬಂದು ಎ.ಸಿ. ಹಾಕಿ, ಬನಿಯನ್ ಎತ್ತಿಕೊಂಡು ಅದರೆದುರು ಕಣ್ಣು ಮುಚ್ಚಿ ನಿಂತರು.

"ಬರ್ರಿ, ನೀವೂ ನಿಲ್ರಿ," ಎಂದು ಸ್ವಲ್ಪ ಪಕ್ಕಕ್ಕೆ ಸರಿದರು.