ವಾರ್ಡನ್ನರನ್ನು ಕೇಳುತ್ತಿದ್ದ ಪ್ರಶ್ನೆ

ಪಿಯುಸಿ ರಿಸಲ್ಟ್ ಬಂದ ದಿನದಿಂದ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮೂಡಿಗೆರೆಯ ಕಾಲೇಜಿನ ಗೋಡೆಗೆ ಅಂಟಿಸಿದ್ದ ಪಟ್ಟಿಯಲ್ಲಿ ಫಸ್ಟ್ ಕ್ಲಾಸ್ ನೋಡಿಕೊಂಡು ಮನೆಗೆ ಹೊರಟರೆ, ಬಸ್ಸಿನಲ್ಲೇ ಚಿಂತೆ ಶುರುವಾಯಿತು. ಫೇಲಾಗಿದ್ದರೆ ಮನೆಯಲ್ಲಿರಬಹುದಿತ್ತು. ಪಾಸಾದ ತಪ್ಪಿಗೆ ಈಗ ಎಲ್ಲಿಗಾದರೂ ಹೋಗಲೇಬೇಕಲ್ಲ! ತೊಂಬತ್ತರ ದಶಕದ ಕೊನೆಯ ವರ್ಷಗಳು. ಅಪ್ಪ ಕಳಸದ ರಸ್ತೆಯ ಒಂದು ಎಸ್ಟೇಟಿನಲ್ಲಿ ರೈಟರು. ಬೆಳಗ್ಗೆ ಆಳುಗಳ ಹಾಜರಿ ಹಾಕುವುದು, ಸಂಜೆ ಬಂಗಲೆಗೆ ಹೋಗಿ ಆದ ಕೆಲಸವನ್ನು ಸಾಹುಕಾರರಿಗೆ ಒಪ್ಪಿಸುವುದು, ಇಷ್ಟರಲ್ಲಿ ಅವರ ದಿನ ಮುಗಿಯುತ್ತಿತ್ತು.

ಸಾಹುಕಾರರು ಚಿಕ್ಕಮಗಳೂರಿನ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನ ಕಮಿಟಿಯಲ್ಲಿದ್ದರು. ಅವರೊಂದು ಕಾಗದ ಬರೆದುಕೊಟ್ಟರೆ ಊಟ, ವಸತಿ ಪುಕ್ಕಟೆ, ಪಕ್ಕದ ಕಾಲೇಜಿನಲ್ಲಿ ಸೀಟೂ ಖಾತ್ರಿ. ನಮ್ಮ ತೋಟದ ಮಕ್ಕಳಲ್ಲಿ ಓದಿದವರೆಲ್ಲ ಹೀಗೆ ಕಾಗದದ ಮೇಲೆ ಓದಿದವರೇ. ನಾನು ಬಾಯಿ ಬಿಡುವ ಮೊದಲೇ ನನ್ನ ಕಾಗದವೂ ಬಂತು. ಅಮ್ಮ ಅದನ್ನು ದೇವರ ಮುಂದಿಟ್ಟು ಕೈಮುಗಿದರು. ಗಂಡು ಹುಡುಗರ ಕಾಟವಿಲ್ಲದ ಜಾಗ ಎನ್ನುವುದೇ ಅವರಿಗೆ ದೊಡ್ಡ ಸಮಾಧಾನ. ನನಗೆ ನಗುವೂ ಬರುತ್ತಿತ್ತು, ಅಳುವೂ ಬರುತ್ತಿತ್ತು. ಗಂಡು ಹುಡುಗರಿಂದ ನನಗೆ ಯಾವ ಅಪಾಯವೂ ಇರಲಿಲ್ಲ. ನನ್ನ ಮನಸ್ಸು ಹೋಗುತ್ತಿದ್ದುದೇ ಹುಡುಗಿಯರ ಕಡೆಗೆ. ಹೈಸ್ಕೂಲಿನಿಂದಲೇ ಅದು ನನಗೆ ಗೊತ್ತಿತ್ತು. ಅದಕ್ಕೊಂದು ಹೆಸರಿದೆ, ನನ್ನಂಥವರು ಬೇರೆಯವರೂ ಇದ್ದಾರೆ ಎನ್ನುವುದು ಮಾತ್ರ ಗೊತ್ತಿರಲಿಲ್ಲ.

ಯಾವ ಕಾಲೇಜು ನಮ್ಮಂಥವರನ್ನು ಹೇಗೆ ನೋಡಿಕೊಳ್ಳುತ್ತದೆ ಎಂದು ಈಗಿನ ಮಕ್ಕಳು ಫೋನಿನಲ್ಲೇ ಹುಡುಕಿಕೊಳ್ಳುತ್ತಾರಂತೆ. ನನಗಿದ್ದದ್ದು ಪಕ್ಕದ ಮನೆಯ ಅಕ್ಕ.

ಅವಳು ಅದೇ ಹಾಸ್ಟೆಲಿಗೆ ಹೋಗಿ ಎರಡನೇ ವರ್ಷದ ನಡುವೆ ವಾಪಸ್ ಬಂದವಳು. ಮೈಗೆ ಹುಷಾರಿರಲಿಲ್ಲ ಎಂದು ಮನೆಯವರು ಹೇಳಿದ್ದನ್ನು ಎಲ್ಲರೂ ನಂಬಿದ್ದರು. ಆಮೇಲೆ ತೋಟದ ಕೆಲಸಕ್ಕೇ ಸೇರಿಕೊಂಡಿದ್ದಳು. ಕಾಫಿ ಗಿಡದ ಬೇಡದ ಚಿಗುರು ಮುರಿಯುತ್ತಿದ್ದಲ್ಲಿಗೆ ಹೋಗಿ, ಆ ಕಾಲೇಜು ಹೇಗೆ ಎಂದು ಏನೂ ತಿಳಿಯದವಳಂತೆ ಕೇಳಿದೆ. ಅವಳು ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. ನಾನು ಏನು ಕೇಳುತ್ತಿದ್ದೇನೆ ಎನ್ನುವುದು ನನಗಿಂತ ಚೆನ್ನಾಗಿ ಅವಳಿಗೆ ಅರ್ಥವಾಗಿತ್ತು.

“ಕಾಲೇಜ್ ಏನ್ ನೋಡ್ತೀಯ ಮಾರಾಯ್ತಿ, ವಾರ್ಡನ್ ನೋಡು,” ಎಂದಳು. “ನಾನೂ ನನ್ ರೂಮಿನವ್ಳೂ ಒಂದೇ ಮಂಚದಲ್ಲಿ ಮಲ್ಗಿದ್ವಿ. ಮಾರನೇ ದಿನ ಎರಡು ಮನೆಯವ್ರನ್ನೂ ಕರ್ಸಿದ್ರು. ಅವ್ಳಿಗೆ ಆ ತಿಂಗ್ಳೇ ಮದುವೆ ಮಾಡಿದ್ರು.”

ಅಷ್ಟು ಹೇಳಿ ಮುಂದಿನ ಗಿಡಕ್ಕೆ ಹೋದಳು. ನಾನು ಹಿಂದೆ ಹೋಗಲಿಲ್ಲ. ಹೋಗಬೇಕಿತ್ತು ಎಂದು ಇಂದಿಗೂ ಅನ್ನಿಸುತ್ತದೆ.

ಅಂದಿನಿಂದ ನಾನು ಅಪ್ಪನ ಬೆನ್ನು ಬಿಡಲಿಲ್ಲ. ಬೇರೆ ಕಾಲೇಜೂ ನೋಡೋಣ, ಬರೀ ನೋಡೋಣ, ನೋಡಿದರೇನು ಗಂಟು ಹೋಗುತ್ತದೆ ಎಂದು ಊಟಕ್ಕೆ ಕೂತರೂ ಶುರು, ಎದ್ದರೂ ಶುರು. ಕಾಟ ತಾಳಲಾರದೆ ಅಪ್ಪ ರಜೆ ಕೇಳಿದರು. ಅಷ್ಟರಲ್ಲಿ ನಾನೊಂದು ಪ್ರಶ್ನೆ ಹೊಸೆದಿಟ್ಟುಕೊಂಡಿದ್ದೆ. ನಮ್ಮ ಬೆಟ್ಟಗಳಲ್ಲಿ ಚಳಿಗೆ ಒಂದೇ ಕಂಬಳಿಯೊಳಗೆ ಇಬ್ಬರು ಮೂವರು ಮಲಗುವುದು ಎಲ್ಲ ಮನೆಯ ರೂಢಿ. ನೆಂಟರು ಬಂದರಂತೂ ಕೇಳುವುದೇ ಬೇಡ. ಆ ರೂಢಿಯ ಮರೆಯಲ್ಲಿ ನಿಂತು ವಾರ್ಡನ್ನರನ್ನು ಕೇಳುವುದು: “ಅಜ್ಜಿ ಜೊತೆ ಒಂದೇ ಕಂಬಳೀಲಿ ಮಲಗಿ ಅಭ್ಯಾಸ ಮೇಡಂ. ಒಬ್ಳೇ ಮಲಗಿದ್ರೆ ನಿದ್ದೆ ಬರಲ್ಲ. ಇಲ್ಲಿ ಒಂದು ಮಂಚದಲ್ಲಿ ಇಬ್ರು ಮಲಗ್ಬಹುದಾ?” ಅವರು ಏನು ಹೇಳುತ್ತಾರೆ ಎನ್ನುವುದಕ್ಕಿಂತ ಹೇಳುವಾಗ ಮುಖ ಹೇಗಾಗುತ್ತದೆ ಎನ್ನುವುದು ನನಗೆ ಮುಖ್ಯವಾಗಿತ್ತು.

ಚಿಕ್ಕಮಗಳೂರಿನ ವಾರ್ಡನ್ ಕನ್ನಡಕ ತೆಗೆದರು. ನನ್ನನ್ನು ಬಿಟ್ಟು ಅಪ್ಪನನ್ನು ನೋಡಿದರು. “ಇದೇನ್ರೀ ಹೀಗ್ ಕೇಳ್ತಾಳೆ? ಅಂಥದ್ದಕ್ಕೆಲ್ಲ ನಮ್ಮಲ್ಲಿ ಅವಕಾಶ ಇಲ್ಲ.” ಹಾಸನದ ವಾರ್ಡನ್ ಒಳ್ಳೆಯ ಹೆಂಗಸು. ನಕ್ಕು, ಗೆಳತಿಯರು ಸಿಕ್ಕಮೇಲೆ ಎಲ್ಲ ಸರಿಹೋಗುತ್ತದೆ ಎಂದರು. ಆದರೆ ಅದು ಖಾಸಗಿ ಹಾಸ್ಟೆಲು. ಶುಲ್ಕ ಎಷ್ಟೆಂದು ಕೇಳಿದವರೇ ಅಪ್ಪ ಚಪ್ಪಲಿ ಮೆಟ್ಟಿಕೊಂಡರು. ನನಗೆ ಯಾರ ಮೇಲೆಂದು ತಿಳಿಯದ ಸಿಟ್ಟು. ಸೇರಿಸಿಕೊಳ್ಳುವವರು ದುಬಾರಿ, ಅಗ್ಗದವರು ಸೇರಿಸಿಕೊಳ್ಳುವುದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಅತ್ತಿಂದಿತ್ತ ಸುತ್ತುತ್ತಿದ್ದವಳನ್ನು ಅಪ್ಪ ರಟ್ಟೆ ಹಿಡಿದು ಕೂರಿಸಿದರು.

ಮೂರನೆಯದು ಘಟ್ಟದ ಕೆಳಗಿನ ಒಂದು ಸರ್ಕಾರಿ ಕಾಲೇಜು. ಫೀಸು ಇಲ್ಲವೆನ್ನುವಷ್ಟು ಕಡಿಮೆ. ಹಾಸ್ಟೆಲಿನ ವಾರ್ಡನ್ ಹಾಜರಿ ಪುಸ್ತಕದಿಂದ ಗಾಳಿ ಬೀಸಿಕೊಳ್ಳುತ್ತಾ ನನ್ನ ಪ್ರಶ್ನೆ ಕೇಳಿಸಿಕೊಂಡರು. “ಅಯ್ಯೋ ಮಾರಾಯ್ತಿ, ಇಲ್ಲಿ ಮಂಚ ಇಪ್ಪತ್ತು, ಹುಡುಗಿಯರು ನಲ್ವತ್ತು. ಇಬ್ಬಿಬ್ಬರು ಮಲಗದೆ ಬೇರೆ ಉಪಾಯ ಎಂತ ಉಂಟು?” ನನಗೆ ಅವರ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಅದು ಅವರ ದೊಡ್ಡ ಮನಸ್ಸಲ್ಲ, ಮಂಚದ ಅಭಾವ. ನೆನೆದರೆ ಈಗ ನಗು ಬರುತ್ತದೆ. ಆದರೂ ಎಲ್ಲರೂ ಇಬ್ಬಿಬ್ಬರೇ ಮಲಗುವ ಕಡೆ ನನ್ನನ್ನೊಬ್ಬಳನ್ನು ಯಾರು ಬೆರಳು ಮಾಡಿ ತೋರಿಸುತ್ತಾರೆ? ಹದಿನೆಂಟರ ನನಗೆ ಅಷ್ಟೇ ಬೇಕಾಗಿತ್ತು.

ವಾಪಸ್ ಬರುವಾಗ ಚಾರ್ಮಾಡಿಯ ತಿರುವುಗಳಲ್ಲಿ ಅಪ್ಪ ಕಿಟಕಿಯ ಆಚೆ ನೋಡುತ್ತಲೇ ಹೇಳಿದರು: “ನಿನ್ನಜ್ಜಿ ತೀರ್ಕೊಂಡಾಗ ನೀನಿನ್ನೂ ಹುಟ್ಟೇ ಇರ್ಲಿಲ್ಲ.”

ಮೂರೂ ಕಡೆ ಅವರು ನನ್ನ ಪಕ್ಕದಲ್ಲೇ ನಿಂತು, ಮೂರೂ ಸಲ ಕೇಳಿಸಿಕೊಂಡು ಸುಮ್ಮನಿದ್ದರು. ಮತ್ತೆ ಯಾಕೆ ಸುಳ್ಳು ಹೇಳಿದೆ ಎನ್ನುವ ಪ್ರಶ್ನೆಗಾಗಿ ಕಾದೆ. ಬರಲಿಲ್ಲ. ಕೊಟ್ಟಿಗೆಹಾರದಲ್ಲಿ ಬಸ್ ನಿಂತಾಗ ನೀರುದೋಸೆ ಕೊಡಿಸಿದರು. ನಾನು ತಿನ್ನುವುದನ್ನೇ ನೋಡುತ್ತಾ, “ಕೆಳಗಿನ ಕಾಲೇಜೇ ಆಗ್ಬಹುದಾ ನಿಂಗೆ?” ಎಂದರು. ನಾನು ತಲೆಯಾಡಿಸಿದೆ.

ಇನ್ನು ಸಾಹುಕಾರರ ಕಾಗದ ವಾಪಸ್ ಕೊಡುವುದೊಂದು ಉಳಿದಿತ್ತು. ನಮ್ಮಲ್ಲಿ ಯಾರೂ ಹಾಗೆ ಕೊಟ್ಟವರಿಲ್ಲ. ಅಪ್ಪ ಮಡಿ ಮಾಡಿದ ಶರ್ಟು ಹಾಕಿಕೊಂಡು, ನನ್ನನ್ನೂ ಕರೆದುಕೊಂಡು ಬಂಗಲೆಗೆ ಹೋದರು. ಸಾಹುಕಾರರು ಕಾರಣ ಕೇಳಿದರು. ಹಾಜರಿ ಪುಸ್ತಕದಲ್ಲಿ ಬಾರದ ಆಳಿನ ಹೆಸರಿನ ಮುಂದೆ ಸುಳ್ಳು ಹಾಜರಿಯ ಒಂದು ಗೆರೆಯನ್ನೂ ಎಳೆಯದ ಮನುಷ್ಯ, ತಲೆ ತಗ್ಗಿಸಿಕೊಂಡು ಹೇಳಿದರು: “ಹುಡುಗಿಗೆ ಒಬ್ಳೇ ಮಲಗಿ ಅಭ್ಯಾಸ ಇಲ್ಲ ಸಾವ್ಕಾರ್ರೇ. ಅಜ್ಜಿ ಜೊತೆ ಮಲಗ್ತಿದ್ಳು.”

“ಯಾವ ಅಜ್ಜಿ ರೈಟ್ರೇ?” ಎಂದರು ಸಾಹುಕಾರರು. “ನಿಮ್ ತಾಯಿಗೆ ಸೌದೆ ನಮ್ ತೋಟದಿಂದ್ಲೇ ಹೋಗಿತ್ತಲ್ಲ. ಇಪ್ಪತ್ತು ವರ್ಷ ಆಯ್ತೇನೋ.”

“ಹೌದು ಸಾವ್ಕಾರ್ರೇ,” ಎಂದರು ಅಪ್ಪ. ಹೇಳಿದ್ದನ್ನು ತಿದ್ದಲಿಲ್ಲ, ಬೇರೆ ಕಾರಣವನ್ನೂ ಕೊಡಲಿಲ್ಲ. ಕಾಗದವನ್ನು ಟೀಪಾಯಿಯ ಮೇಲಿಟ್ಟು ನಿಂತೇ ಇದ್ದರು. ಕೊನೆಗೆ ಸಾಹುಕಾರರು “ನಿಮ್ಮಿಷ್ಟ” ಎಂದು ಒಳಗೆ ಹೋದರು. ಆ ವರ್ಷವೆಲ್ಲ ಅವರು ಅಪ್ಪನ ಹತ್ತಿರ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ.

ಹಾಸ್ಟೆಲಿಗೆ ಬಿಡಲು ಬಂದ ದಿನ ಅಪ್ಪನ ಒಂದು ಕೈಯಲ್ಲಿ ನನ್ನ ಟ್ರಂಕು, ಹೆಗಲ ಮೇಲೆ ಹಗ್ಗ ಬಿಗಿದ ಕಂಬಳಿ. ಸೆಖೆಗೆ ಬೆವರಿ ಅವರ ಶರ್ಟು ಬೆನ್ನಿಗೆ ಅಂಟಿತ್ತು. ಹುಡುಗಿಯರು ಕಂಬಳಿ ನೋಡಿ ಬಿದ್ದು ಬಿದ್ದು ನಕ್ಕರು. “ಇದು ಎಂತಕ್ಕೆ ತಂದದ್ದು?” ಎಂದು ವಾರ್ಡನ್ನೂ ನಕ್ಕರು. ನನಗೆ ನಾಚಿಕೆಯಾಗಿ, ವಾಪಸ್ ತೆಗೆದುಕೊಂಡು ಹೋಗಿ ಎಂದೆ.

“ಇರ್ಲಿ,” ಎಂದರು ಅಪ್ಪ. “ದೊಡ್ದಿದೆ. ಇಬ್ರಿಗೂ ಸಾಕಾಗುತ್ತೆ.” ನನ್ನ ಮುಖ ನೋಡದೆ ಬಸ್ಸಿಗೆ ಹೊತ್ತಾಯಿತೆಂದು ಹೊರಟರು.

ಅವರಿಗೆ ಎಷ್ಟು ಗೊತ್ತಿತ್ತೋ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಆ ಸೆಖೆಯಲ್ಲಿ ಮೂರು ವರ್ಷ ಕಂಬಳಿಯ ಹಗ್ಗ ಬಿಚ್ಚುವ ಪ್ರಸಂಗವೇ ಬರಲಿಲ್ಲ. ಬಿಚ್ಚಿದ್ದು ಎಷ್ಟೋ ವರ್ಷಗಳ ಮೇಲೆ, ಚಳಿಯಿರುವ ಊರೊಂದರಲ್ಲಿ ನಾನೂ ನನ್ನವಳೂ ಮನೆ ಮಾಡಿದಾಗ. ಅಪ್ಪ ಹೇಳಿದ್ದು ಸರಿಯಾಗಿತ್ತು. ಇಬ್ಬರಿಗೂ ಸಾಕಾಯಿತು.